ಈ ಗಾಳಿ ಇಲ್ಲಿಗೆ ಬರುವ ಮುಂಚೆ ಎಲ್ಲಿತ್ತು?

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳುವುದು ಒಂದೇ ಒಂದು ದಿನದ ಕಥೆ. ಆ ದಿನ ನಾನು ಮತ್ತು ನನ್ನ ಗೆಳೆಯ ಪ್ಯಾರಾಗ್ಲೈಡಿಂಗ್‌ಗೆ ಅಂತ ಹೊರಟೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೂರು ಗುಡ್ಡ ಹತ್ತಿದೆವು. ಮೂರನ್ನೂ ನಾವಿಬ್ಬರೂ ಅಲ್ಲಿಯವರೆಗೆ ಕಂಡವರಲ್ಲ. ಹಾರಿದ್ದು ಒಂದರಿಂದ ಮಾತ್ರ, ಅದೂ ಸಂಜೆ ಹೊತ್ತಿಗೆ. ಆ ಹಾರಾಟದ ವಿಷಯಕ್ಕೆ ಕೊನೆಗೆ ಬರುತ್ತೇನೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಜಾಸ್ತಿ ನೆಲದ ಮೇಲೆ ನಿಂತು ಕಳೆದ ಗಂಟೆಗಳು.

ಇಲ್ಲಿ ಹಾರದವರೂ ತುಂಬಾ ಜನ ಇದ್ದೀರಿ. ಹಾಗಾಗಿ ಮೊದಲು ಈ ರೆಕ್ಕೆಯ ಬಗ್ಗೆ ಎರಡು ಮಾತು. ಪ್ಯಾರಾಗ್ಲೈಡರ್ ಅಂದರೆ ಬಟ್ಟೆಯ ರೆಕ್ಕೆ. ಒಬ್ಬರು ಹಾರುವ ರೆಕ್ಕೆ ಸುಮಾರು 25 ಚದರ ಮೀಟರ್ ಇರುತ್ತದೆ. ಒಳಗೆ ಎಲುಬಿನ ಹಾಗೆ ಗಟ್ಟಿಯಾದ ಚೌಕಟ್ಟು ಇಲ್ಲ. ಮುಂದಿನ ಅಂಚಿನಲ್ಲಿ ಸಾಲಾಗಿ ಬಾಯಿಗಳಿವೆ. ಅವುಗಳಿಂದ ಗಾಳಿ ಒಳಗೆ ನುಗ್ಗಿ ತುಂಬಿಕೊಳ್ಳುತ್ತದೆ. ಆ ಒತ್ತಡವೇ ಅದನ್ನು ರೆಕ್ಕೆಯಾಗಿ ಹಿಡಿದಿಡುತ್ತದೆ. ಎಂಜಿನ್ ಇಲ್ಲ. ರೆಕ್ಕೆ ಯಾವಾಗಲೂ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಸೆಕೆಂಡಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತಾ, ಗಂಟೆಗೆ 36 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಮುಂದೆ ಹೋಗುತ್ತದೆ. ಮೇಲೆ ಹೋಗಬೇಕು ಅಂದರೆ, ನಾವು ಇಳಿಯುವುದಕ್ಕಿಂತ ಜೋರಾಗಿ ಮೇಲೇಳುವ ಗಾಳಿ ಸಿಗಬೇಕು. ಅಂಥ ಗಾಳಿಯನ್ನು ಗುಡ್ಡ ಕೊಡುತ್ತದೆ, ಬಿಸಿಲು ಕೊಡುತ್ತದೆ. ಬೀಸಿ ಬಂದ ಗಾಳಿ ಇಳಿಜಾರಿಗೆ ಬಡಿದು ಮೇಲೇಳುವುದು ಒಂದು ಬಗೆ. ಕಾದ ನೆಲದಿಂದ ಬಿಸಿಗಾಳಿ ಬಿಡಿಸಿಕೊಂಡು ಏಳುವುದು ಇನ್ನೊಂದು. ಈ ಎರಡನೆಯದನ್ನು ನಾವು ಥರ್ಮಲ್ ಅನ್ನುತ್ತೇವೆ.

ಗೊತ್ತಿರುವ ಗುಡ್ಡದಲ್ಲಿ ಇದೆಲ್ಲ ಮೈಗೇ ಗೊತ್ತಿರುತ್ತದೆ. ಯಾವ ಬಂಡೆಯ ಮುಂದೆ ಗಾಳಿ ಎತ್ತುತ್ತದೆ, ಯಾವ ತಿರುವಿನಲ್ಲಿ ಕೆಳಕ್ಕೆ ಎಳೆಯುತ್ತದೆ, ಎಷ್ಟು ಹೊತ್ತಿಗೆ ಸುಮ್ಮನಾಗುತ್ತದೆ, ಯೋಚನೆ ಮಾಡುವುದೇ ಬೇಡ. ಹೊಸ ಗುಡ್ಡದಲ್ಲಿ ಆ ನೆನಪು ಇಲ್ಲ. ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಸಿಗುವ ಸುಳಿವುಗಳನ್ನು ಒಂದೊಂದಾಗಿ ಜೋಡಿಸಿ ಗಾಳಿಯ ಚಿತ್ರ ಬಿಡಿಸಿಕೊಳ್ಳಬೇಕು. ಒಬ್ಬನೇ ಇದ್ದರೆ ಆ ಚಿತ್ರವನ್ನು ನಮಗೆ ಬೇಕಾದ ಹಾಗೆ ತಿದ್ದಿಕೊಂಡುಬಿಡುತ್ತೇವೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಹೊರಡುವ ಮುಂಚೆ ನಾವು ಒಂದು ಒಪ್ಪಂದ ಮಾಡಿಕೊಂಡೆವು. ಇಬ್ಬರಲ್ಲಿ ಯಾರೇ ಬೇಡ ಅಂದರೂ ಆ ಗುಡ್ಡದಿಂದ ಇಬ್ಬರೂ ಹಾರುವುದಿಲ್ಲ. ಯಾಕೆ ಅಂತ ಮೇಲೆ ನಿಂತು ಕೇಳುವ ಹಾಗಿಲ್ಲ. ಕಾರಣ, ಚರ್ಚೆ ಎಲ್ಲ ಕೆಳಗೆ ಬಂದ ಮೇಲೆ. ಇದು ಕೇಳುವುದಕ್ಕೆ ಸಣ್ಣ ಮಾತು. ಆದರೆ ಮೇಲೆ ನಿಂತು ವಾದ ಶುರುವಾದರೆ, ಹಾರುವ ಆಸೆ ಇರುವವನ ಬಾಯಿಯೇ ಜೋರು. ಹಾರಬೇಕು ಅನ್ನುವವನ ಹತ್ತಿರ ಕಾರಣಗಳು ಸಾಲಾಗಿ ನಿಂತಿರುತ್ತವೆ. ಬೇಡ ಅನ್ನುವವನ ಹತ್ತಿರ ಎಷ್ಟೋ ಸಲ ಒಂದು ಅಳುಕು ಮಾತ್ರ ಇರುತ್ತದೆ. ಆ ಅಳುಕಿಗೆ ಮಾತು ಸಿಗುವವರೆಗೆ ಕಾಯುವಷ್ಟು ತಾಳ್ಮೆ ಟೇಕಾಫ್ ಜಾಗದಲ್ಲಿ ಯಾರಿಗೂ ಇರುವುದಿಲ್ಲ.

ಮೊದಲನೇ ಗುಡ್ಡ. ಕೆಳಗಿನಿಂದ ನೋಡಿದಾಗ ಹಸಿರು ಹುಲ್ಲಿನ ಚೊಕ್ಕ ಇಳಿಜಾರು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಅದು ನಮ್ಮ ಆಟದಲ್ಲಿ ಅಕ್ಷರಕ್ಕೆ ಅಕ್ಷರ ನಿಜ. ಹತ್ತಿ ನೋಡಿದರೆ ಹುಲ್ಲಿನ ನಡುವೆ ಚೂಪು ಕಲ್ಲು, ಮೊಣಕಾಲೆತ್ತರದ ಮುಳ್ಳು ಪೊದೆ. ರೆಕ್ಕೆಯ ದಾರಗಳು ಒಂದೆರಡು ಮಿಲಿಮೀಟರ್ ದಪ್ಪ ಅಷ್ಟೇ. ಪೊದೆಗೆ ಒಂದು ದಾರ ಸಿಕ್ಕಿಕೊಂಡರೂ ರೆಕ್ಕೆ ಓರೆಯಾಗಿ ಏಳುತ್ತದೆ. ಆದರೂ ಒಂದಿಷ್ಟು ಜಾಗ ಹುಡುಕಿಕೊಳ್ಳಬಹುದಿತ್ತು. ನಮ್ಮನ್ನು ನಿಲ್ಲಿಸಿದ್ದು ಇಳಿಯುವ ಜಾಗ.

ಗುಡ್ಡದ ಎತ್ತರ 180 ಮೀಟರ್. ಕೆಳಗೆ ಉದ್ದಕ್ಕೂ ಮರಗಳು. ಇಳಿಯಬಹುದಾದ ಬಯಲು ಇದ್ದದ್ದು 1.2 ಕಿಲೋಮೀಟರ್ ದೂರದಲ್ಲಿ. ನಮ್ಮ ರೆಕ್ಕೆಗಳು ಗಾಳಿ ಇಲ್ಲದಾಗ ಒಂದು ಮೀಟರ್ ಇಳಿಯುವಷ್ಟರಲ್ಲಿ ಎಂಟು ಮೀಟರ್ ಮುಂದೆ ಹೋಗುತ್ತವೆ. 180ನ್ನು ಎಂಟರಿಂದ ಗುಣಿಸಿದರೆ 1,440 ಮೀಟರ್. ಬಯಲು ಸಿಗುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ಬಯಲಿನ ಕಡೆಯಿಂದ ಗಂಟೆಗೆ 12 ಕಿಲೋಮೀಟರ್ ಎದುರು ಗಾಳಿ ಇತ್ತು. 36ರಲ್ಲಿ 12 ಹೋದರೆ ನೆಲದ ಮೇಲೆ ನಮಗೆ ಸಿಗುವ ವೇಗ 24. ಇಳಿಯುವ ವೇಗ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಹೋಗುವ ದೂರ ಮೂರರಲ್ಲಿ ಎರಡು ಪಾಲು, ಅಂದರೆ 960 ಮೀಟರ್. ಅಲ್ಲಿ ಮರಗಳಿದ್ದವು. ಗುಡ್ಡದ ಮುಂದೆ ಗಾಳಿ ಎತ್ತಿದರೆ ದಾಟಬಹುದು. ಆದರೆ ಎತ್ತಿದರೆ ಅನ್ನುವ ಮಾತಿನ ಮೇಲೆ ಹಾರುವುದಕ್ಕೆ ಆಗುವುದಿಲ್ಲ. ಕಲ್ಲಿನ ಮೇಲೆ ಕುಳಿತು ಲೆಕ್ಕ ಹಾಕಿದೆವು, ಎದ್ದು ಕೆಳಗೆ ನಡೆದೆವು. ಬೇಸರವೂ ಆಗಲಿಲ್ಲ. ಲೆಕ್ಕ ಬೇಡ ಅಂದರೆ ಒಪ್ಪಿಕೊಳ್ಳುವುದು ಸುಲಭ.

ಎರಡನೇ ಗುಡ್ಡದಲ್ಲಿ ಲೆಕ್ಕ ಎಲ್ಲ ಸರಿ ಇತ್ತು. ಕಷ್ಟವಾದದ್ದು ಅಲ್ಲಿಯೇ.

ಅದು ಪೂರ್ವಕ್ಕೆ ಮುಖ ಮಾಡಿದ ಗುಡ್ಡ. ನಾವು ಮೇಲೆ ತಲುಪಿದಾಗ ಹನ್ನೊಂದು ಗಂಟೆ. ಬೆಳಗಿನ ಬಿಸಿಲೆಲ್ಲ ಆ ಮುಖಕ್ಕೇ ಬಿದ್ದಿತ್ತು. ಟೇಕಾಫ್ ಜಾಗ ಅಗಲವಾಗಿ, ಮೃದುವಾಗಿ, ಒಂದೇ ಸಮನೆ ಇಳಿಯುತ್ತಿತ್ತು. ಕೆಳಗೆ ದೊಡ್ಡ ಬಯಲು. ಮುಖಕ್ಕೆ ನೇರವಾಗಿ ಗಾಳಿ ಬರುತ್ತಿತ್ತು. ಅಳೆದು ನೋಡಿದೆ, ಗಂಟೆಗೆ 12ರಿಂದ 15 ಕಿಲೋಮೀಟರ್. ಇದಕ್ಕಿಂತ ಚೆನ್ನಾಗಿ ಕೇಳಿ ಪಡೆಯುವುದಕ್ಕೂ ಆಗುವುದಿಲ್ಲ. ನಾನು ರೆಕ್ಕೆ ಬಿಚ್ಚಿ ಹಾಸಿಬಿಟ್ಟೆ. ದಾರಗಳನ್ನು ಬಿಡಿಸಲು ಶುರು ಮಾಡಿದೆ.

ಗೆಳೆಯ ಚೀಲವನ್ನೇ ಬಿಚ್ಚಿರಲಿಲ್ಲ. ಒಂದು ಕೋಲಿಗೆ ರಿಬ್ಬನ್ ಕಟ್ಟಿ ನೆಟ್ಟು, ಪಕ್ಕದಲ್ಲಿ ಕುಳಿತು ಕಣಿವೆ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ, "ಈ ಗಾಳಿ ಇಲ್ಲಿಗೆ ಬರುವ ಮುಂಚೆ ಎಲ್ಲಿತ್ತು?"

"ಕಣಿವೆಯಲ್ಲಿ, ಇನ್ನೆಲ್ಲಿ?" ಅಂದೆ.

"ಹಾಗಾದರೆ ಆ ನೆರಳುಗಳನ್ನು ನೋಡು."

ಕಣಿವೆಯ ಮೇಲೆ ಸಣ್ಣ ಸಣ್ಣ ಮೋಡಗಳು ಕಟ್ಟಿದ್ದವು. ಅವುಗಳ ನೆರಳು ನೆಲದ ಮೇಲೆ ಹರಿಯುತ್ತಿತ್ತು. ನಾನು ಒಂದು ನೆರಳಿನ ಅಂಚನ್ನು ಹಿಡಿದು ನೋಡಿದೆ. ಅದು ನಮ್ಮ ಕಡೆ ಬರುತ್ತಿರಲಿಲ್ಲ. ನಮ್ಮ ಬುಡದಿಂದ ಹೊರಟು ಕಣಿವೆಯ ಆಚೆಗೆ, ಪೂರ್ವಕ್ಕೆ ಓಡುತ್ತಿತ್ತು. ಅಂದರೆ ಮೋಡದ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ. ನಮ್ಮ ಬೆನ್ನ ಹಿಂದಿನಿಂದ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ದಿನದ ತಿರುಳೇ ಇದು.

ಮುಖಕ್ಕೆ ಬರುತ್ತಿದ್ದ ಆ ಗಾಳಿ ಸುಳ್ಳಲ್ಲ. ಬಿಸಿಲಿಗೆ ಕಾದ ಇಳಿಜಾರಿನಿಂದ ಬಿಸಿಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಕೆಳಗಿನ ಗಾಳಿ ಇಳಿಜಾರನ್ನು ಹತ್ತಿ ಬರುತ್ತದೆ. ಟೇಕಾಫ್‌ನಲ್ಲಿ ನಿಂತವನಿಗೆ ಅದು ಒಳ್ಳೆಯ ಎದುರು ಗಾಳಿ. ಆದರೆ ಅದು ಇಳಿಜಾರಿಗೆ ಅಂಟಿಕೊಂಡ ತೆಳುವಾದ ಪದರ. ಅದರ ಮೇಲೆ ದಿನದ ನಿಜವಾದ ಗಾಳಿ ಗುಡ್ಡದ ನೆತ್ತಿಯನ್ನು ಹಿಂದಿನಿಂದ ಹತ್ತಿ, ಈ ಕಡೆ ಧುಮುಕುತ್ತಿತ್ತು. ಹರಿಯುವ ನೀರಿನಲ್ಲಿ ಬಂಡೆಯ ಹಿಂದೆ ಸುಳಿ ಏಳುವುದನ್ನು ನೋಡಿರುತ್ತೀರಿ. ಗುಡ್ಡದ ಮರೆ ಬದಿಯಲ್ಲೂ ಗಾಳಿ ಹಾಗೆಯೇ ಸುತ್ತುತ್ತದೆ. ಇದನ್ನು ರೋಟರ್ ಅನ್ನುತ್ತೇವೆ. ನಮ್ಮ ರೆಕ್ಕೆ ನಿಂತಿರುವುದೇ ಒಳಗಿನ ಗಾಳಿಯ ಒತ್ತಡದ ಮೇಲೆ. ಸುಳಿಯೊಳಗೆ ಹೊಕ್ಕರೆ ಒಂದು ಬದಿ ಮಡಚಿಕೊಳ್ಳಬಹುದು. ನೆಲಕ್ಕೆ ಹತ್ತಿರ ಇದ್ದಾಗ ಅದು ಮತ್ತೆ ಬಿಚ್ಚಿಕೊಳ್ಳುವಷ್ಟು ಹೊತ್ತು ಸಿಗದೆ ಹೋಗಬಹುದು.

ಮರೆ ಬದಿಯ ಮೋಸ ಏನು ಗೊತ್ತಾ? ಟೇಕಾಫ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ರೆಕ್ಕೆ ಚೆನ್ನಾಗಿ ಏಳುತ್ತದೆ. ಮೊದಲ ಕೆಲವು ಸೆಕೆಂಡು ಹಿತವಾಗಿಯೇ ಇರುತ್ತದೆ. ಪದರ ದಾಟಿದ ಮೇಲೆ ಗೊತ್ತಾಗುತ್ತದೆ.

ಆಮೇಲೆ ನಾವಿಬ್ಬರೂ ರಿಬ್ಬನ್ ನೋಡುತ್ತಾ ಕುಳಿತೆವು. ಐದು ನಿಮಿಷ ಮುಂದಿನಿಂದಲೇ ಬೀಸಿತು. ಇದ್ದಕ್ಕಿದ್ದ ಹಾಗೆ ಜೋತು ಬಿತ್ತು. ಮೂರು ನಾಲ್ಕು ಸೆಕೆಂಡು ಹಿಂದಿನಿಂದ ಹಾರಿತು. ಮತ್ತೆ ಮೊದಲಿನ ಹಾಗೆ. ಕಣಿವೆಯ ಮೇಲೆ ಒಂದು ಹದ್ದು ಸುತ್ತುತ್ತಾ ಏರುತ್ತಿತ್ತು. ಒಂದೊಂದು ಸುತ್ತಿಗೂ ಅದು ಪೂರ್ವಕ್ಕೆ ಸರಿಯುತ್ತಿತ್ತು. ನೆರಳು, ರಿಬ್ಬನ್, ಹದ್ದು, ಮೂರೂ ಒಂದೇ ಮಾತು ಹೇಳುತ್ತಿದ್ದವು. ನಾನು ರೆಕ್ಕೆ ಬಿಚ್ಚುವ ಮುಂಚೆಯೂ ಅವು ಅಲ್ಲಿಯೇ ಇದ್ದವು. ನಾನು ನೋಡಿರಲಿಲ್ಲ.

"ಬೇಡ ಕಣೋ," ಅಂದ ಗೆಳೆಯ.

ನಿಜ ಹೇಳುತ್ತೇನೆ, ನನಗೆ ಒಳಗೆ ಕೋಪ ಬಂತು. ಕಣ್ಣಿಗೆ ಕಂಡ ಮೇಲೂ ಬಂತು. ಎರಡು ಗುಡ್ಡ ಹತ್ತಿದ ದಣಿವು, ಬಿಚ್ಚಿ ಹಾಸಿದ ರೆಕ್ಕೆ, ಮುಖಕ್ಕೆ ಬಡಿಯುತ್ತಿದ್ದ ಆ ತಂಪು ಗಾಳಿ. ಒಬ್ಬನೇ ಇದ್ದಿದ್ದರೆ ಹಾರುತ್ತಿದ್ದೆನೇನೋ ಅನ್ನುವ ಯೋಚನೆ ಈಗಲೂ ನನ್ನನ್ನು ಬಿಟ್ಟಿಲ್ಲ. ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ. ಆದರೆ ತೂರುವವರೂ ಮೊದಲು ಗಾಳಿ ಯಾವ ಕಡೆಯದು ಅಂತ ನೋಡಿಯೇ ಮೊರ ಎತ್ತುತ್ತಾರೆ. ಇಲ್ಲದಿದ್ದರೆ ಹೊಟ್ಟೆಲ್ಲ ಅವರ ಮುಖಕ್ಕೇ ಬರುತ್ತದೆ. ಒಪ್ಪಂದ ಇತ್ತು. ಏನೂ ಮಾತಾಡದೆ ರೆಕ್ಕೆ ಮಡಚಿದೆ. ಅವನೂ ಏನೂ ಹೇಳದೆ ಇನ್ನೊಂದು ತುದಿ ಹಿಡಿದುಕೊಂಡ.

ಈ ಆಟ ಶುರುವಾದದ್ದೂ ಜೊತೆಗಾರರಿಂದಲೇ. 1978ರಲ್ಲಿ ಫ್ರಾನ್ಸ್‌ನ ಮಿಯುಸ್ಸಿ ಎಂಬ ಊರಿನ ಬಳಿ ಜೀನ್ ಕ್ಲೋಡ್ ಬೆತಾಂ, ಆಂಡ್ರೆ ಬೋನ್, ಜೆರಾರ್ ಬೊಸೋನ್ ಎಂಬ ಮೂವರು ಪ್ಯಾರಾಚೂಟ್ ಜಿಗಿತಗಾರರು ವಿಮಾನದಿಂದ ಜಿಗಿಯುವ ಬದಲು ಬೆಟ್ಟದ ಇಳಿಜಾರಿನಲ್ಲಿ ಓಡಿ ಹಾರಲು ಹೊರಟರು. ಅವರ ಕೈಯಲ್ಲಿದ್ದದ್ದು ಇವತ್ತಿನ ರೆಕ್ಕೆಯಲ್ಲ, ಚೌಕಾಕಾರದ ಪ್ಯಾರಾಚೂಟ್. ಅವರಿಗೆ ಎಲ್ಲ ಗುಡ್ಡವೂ ಹೊಸದೇ. ಗುಡ್ಡ ಇಳಿಯುತ್ತಾ ನಾನು ಅವರನ್ನು ನೆನೆಸಿಕೊಂಡೆ. ಮೂವರಲ್ಲಿ ಒಬ್ಬರು ಓಡುವಾಗ ಮಿಕ್ಕವರು ಏನು ನೋಡುತ್ತಿದ್ದಿರಬಹುದು ಅಂತ.

ಮೂರನೇ ಗುಡ್ಡ ಪಶ್ಚಿಮಕ್ಕೆ ಮುಖ ಮಾಡಿತ್ತು. ದಿನದ ಗಾಳಿಗೆ ಅದೇ ಸರಿಯಾದ ಬದಿ. ಈ ಸಲ ನಾವು ಮೊದಲು ಮೇಲೆ ಹೋಗಲಿಲ್ಲ. ಇಳಿಯುವ ಬಯಲಿಗೆ ಹೋದೆವು. ಅಲ್ಲಿದ್ದವರನ್ನು ಕೇಳಿ, ಒಪ್ಪಿಗೆ ಪಡೆದು, ಇಡೀ ಬಯಲನ್ನು ನಡೆದು ನೋಡಿದೆವು.

ನಡೆದೇ ನೋಡಬೇಕು. ಮೇಲಿನಿಂದ ಎಲ್ಲ ನೆಲವೂ ಚಪ್ಪಟೆಯಾಗಿಯೇ ಕಾಣುತ್ತದೆ. ಅಲ್ಲಿ ಎರಡು ಬಯಲು ಅಕ್ಕಪಕ್ಕ ಇದ್ದವು. ದೊಡ್ಡದು ಗಾಳಿ ಬರುವ ಕಡೆಗೆ ಇಳಿಜಾರಾಗಿತ್ತು. ಗಾಳಿಗೆ ಮುಖ ಮಾಡಿ ಇಳಿಯಲು ಹೋದರೆ ನೆಲವೂ ನಮ್ಮ ಜೊತೆಗೇ ಕೆಳಗೆ ಹೋಗುತ್ತಿರುತ್ತದೆ. ರೆಕ್ಕೆ ಜಾರುತ್ತಲೇ ಇರುತ್ತದೆ, ಕಾಲಿಗೆ ನೆಲ ಸಿಗುವುದೇ ಇಲ್ಲ. ಹಾಗಾಗಿ ಚಿಕ್ಕದನ್ನು ಆರಿಸಿಕೊಂಡೆವು. ಕರೆಂಟ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಮಾತ್ರ ಕಾಣುತ್ತದೆ. ಕಂಬಗಳನ್ನು ಎಣಿಸಿ, ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಮನಸ್ಸಿನಲ್ಲಿ ಗೆರೆ ಎಳೆದುಕೊಂಡೆವು. ಪಕ್ಕದಲ್ಲಿ ಒಂದು ಕೆರೆ. ಕೆರೆ ಇದ್ದರೆ ಗಾಳಿಯ ದಿಕ್ಕು ಮೇಲಿನಿಂದಲೇ ತಿಳಿಯುತ್ತದೆ. ಗಾಳಿ ಬರುವ ಕಡೆಯ ದಡದಲ್ಲಿ ನೀರು ನುಣ್ಣಗೆ ಕನ್ನಡಿಯ ಹಾಗಿರುತ್ತದೆ, ಆಚೆ ಹೋದಂತೆ ಅಲೆ ಏಳುತ್ತದೆ. ನುಣುಪು ಪಶ್ಚಿಮದ ದಡದಲ್ಲಿತ್ತು. ಬಯಲಿನ ಹಿಂದೆ ಗುಡ್ಡದಿಂದ ಇಳಿದು ಬರುವ ಒಂದು ಆಳವಾದ ಕೊರಕಲು ಇತ್ತು. ಅದರೊಳಗೆ ಆಗಲೇ ನೆರಳು ತುಂಬಿತ್ತು. ನಾನು ಅದನ್ನು ನೋಡಿದೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ಮೂರು ಗಂಟೆಗೆ ಮೇಲೆ ತಲುಪಿದಾಗ ಗಾಳಿ 30 ಕಿಲೋಮೀಟರ್. ದಿಕ್ಕು ಸರಿ, ಜೋರು ಜಾಸ್ತಿ. ಕಾದೆವು. 20ಕ್ಕೂ 30ಕ್ಕೂ ಏನು ಮಹಾ ವ್ಯತ್ಯಾಸ ಅಂತ ಹೊಸಬರು ಕೇಳುತ್ತಾರೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟು. ರೆಕ್ಕೆ ಎತ್ತುವಾಗ ಆ ಬಲ ನಮ್ಮನ್ನು ಹಿಂದಕ್ಕೆ ಎಳೆದೊಯ್ಯಬಹುದು. ಮೇಲಾಗಿ, ಗುಡ್ಡದ ನೆತ್ತಿಯಲ್ಲಿ ಗಾಳಿ ಒತ್ತಿಕೊಂಡು ಇನ್ನೂ ವೇಗವಾಗಿ ದಾಟುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ಮುಂದೆ ಹೋಗಲಾರದೆ ಹಿಂಬದಿಗೆ, ಅದೇ ಸುಳಿಯೊಳಗೆ ಹೋಗಬೇಕಾಗುತ್ತದೆ.

ಕಾಯುವಾಗ ಮೋಡಗಳನ್ನೂ ನೋಡುತ್ತಿದ್ದೆವು. ಅಗಲಕ್ಕಿಂತ ಎತ್ತರ ಜಾಸ್ತಿಯಾದ ಮೋಡ ಕಂಡರೆ ಅಂದಿನ ಹಾರಾಟ ಅಲ್ಲಿಗೆ ಮುಗಿಯಿತು. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಇವಾ ವಿಸ್ನಿಯೆರ್ಸ್ಕಾ ಎಂಬ ಪೈಲಟ್ ಅನ್ನು ಗುಡುಗು ಮೋಡವೊಂದು ಸುಮಾರು 9,900 ಮೀಟರ್ ಎತ್ತರಕ್ಕೆ ಎಳೆದುಕೊಂಡು ಹೋಗಿತ್ತು. ಪ್ರಜ್ಞೆ ತಪ್ಪಿ, ಮೈಮೇಲೆ ಮಂಜುಗಡ್ಡೆ ಕಟ್ಟಿ, ಆಕೆ ಬದುಕಿ ಬಂದದ್ದು ದೊಡ್ಡ ಅದೃಷ್ಟ. ನಮ್ಮ ಅಂದಿನ ಮೋಡಗಳು ಚಿಕ್ಕವಾಗಿಯೇ ಉಳಿದು, ಐದು ಗಂಟೆಯ ಹೊತ್ತಿಗೆ ಕರಗತೊಡಗಿದವು. ಗಾಳಿ 20ಕ್ಕೆ ಇಳಿಯಿತು.

ರೆಕ್ಕೆ ಹಾಸಿದೆವು. ಹಾರ್ನೆಸ್, ಅಂದರೆ ರೆಕ್ಕೆಗೆ ನಮ್ಮನ್ನು ತೂಗುಹಾಕುವ ಪಟ್ಟಿಗಳ ಆಸನ, ಹಾಕಿಕೊಂಡೆ. ನಾನು ಆ ಹೊತ್ತಿನಲ್ಲೂ ಕೆರೆಯ ಬಗ್ಗೆ, ತಂತಿಯ ಬಗ್ಗೆ ಮಾತಾಡುತ್ತಲೇ ಇದ್ದೆ. ಗೆಳೆಯ ಹತ್ತಿರ ಬಂದು ಹೆಲ್ಮೆಟ್ ಪಟ್ಟಿ, ಎದೆಯ ಪಟ್ಟಿ, ರಿಸರ್ವ್ ಪ್ಯಾರಾಚೂಟ್‌ನ ಪಿನ್ ಎಲ್ಲವನ್ನೂ ಮುಟ್ಟಿ ನೋಡಿದ. ಎಡಗಾಲಿನ ಪಟ್ಟಿ ಎಳೆದ. ಅದು ಅವನ ಕೈಗೇ ಬಂತು. ನಾನು ಅದನ್ನು ಹಾಕಿಕೊಂಡೇ ಇರಲಿಲ್ಲ.

ಕಾಲಿನ ಪಟ್ಟಿ ಮರೆತು ಹಾರಿದರೆ ಹಾರ್ನೆಸ್‌ನಿಂದ ಜಾರಿ ತೂಗಾಡಬೇಕಾಗುತ್ತದೆ. ಹಾಗೆ ಜೀವ ಕಳೆದುಕೊಂಡವರಿದ್ದಾರೆ. ನಾನು ಎಷ್ಟೋ ವರ್ಷಗಳಿಂದ ಪ್ರತಿ ಸಲ ಹಾಕಿಕೊಂಡ ಪಟ್ಟಿ ಅದು. ಹೊಸ ಜಾಗ ತಲೆಯನ್ನು ಎಷ್ಟು ತುಂಬಿಕೊಳ್ಳುತ್ತದೆ ಅಂದರೆ, ಹಳೆಯ ರೂಢಿಗೂ ಜಾಗ ಉಳಿಯುವುದಿಲ್ಲ. ಅವನು ಏನೂ ಅನ್ನಲಿಲ್ಲ. ಪಟ್ಟಿ ಹಾಕುವವರೆಗೆ ನಿಂತು, ಇನ್ನೊಂದು ಸಲ ಎಳೆದು ನೋಡಿ ಹೋದ. ಆಮೇಲೆ ನಾನು ಅವನ ಪಟ್ಟಿಗಳನ್ನು ನೋಡಿದೆ.

ಹಾರಾಟ ಹೇಗಿತ್ತು ಅಂತ ಹೇಳುವುದು ಕಷ್ಟ. ರೆಕ್ಕೆಗೆ ಮುಖ ಮಾಡಿ ನಿಂತು ಎತ್ತಿದೆ. ಅದು ತಲೆಯ ಮೇಲೆ ಬಂದು ನಿಂತಿತು. ತಿರುಗಿ ಎರಡು ಹೆಜ್ಜೆ ಇಟ್ಟೆ. ಮೂರನೇ ಹೆಜ್ಜೆಗೆ ಕೆಳಗೆ ನೆಲ ಇರಲಿಲ್ಲ. ವೇರಿಯೋ ಕೂಗತೊಡಗಿತು. ಮೇಲೇರುತ್ತಿದ್ದೇವೆ ಅಂತ ಶಬ್ದದಲ್ಲಿ ಹೇಳುವ ಸಣ್ಣ ಯಂತ್ರ ಅದು. ಗುಡ್ಡದ ಉದ್ದಕ್ಕೂ ಗಾಳಿ ಒಂದು ಅಗಲವಾದ ಪಟ್ಟಿಯಾಗಿ ಏಳುತ್ತಿತ್ತು. ಅದರೊಳಗೆ ಆ ತುದಿಯಿಂದ ಈ ತುದಿಗೆ ಹೋಗುವುದು, ತಿರುಗುವಾಗ ಪ್ರತಿ ಸಲವೂ ಗುಡ್ಡದಿಂದ ಹೊರಕ್ಕೆ ತಿರುಗುವುದು. ಹುಲ್ಲಿನ ಮೇಲೆ ನನ್ನ ನೆರಳು ನನ್ನ ಜೊತೆಗೇ ಓಡುತ್ತಿತ್ತು. ಗೆಳೆಯ ಎದುರಿನಿಂದ ಬಂದ. ಗುಡ್ಡ ಅವನ ಬಲಕ್ಕಿತ್ತು. ಹಾಗೆ ಬರುವವನಿಗೆ ದಾರಿ ಬಿಡಬೇಕು, ಯಾಕೆಂದರೆ ಬಲಕ್ಕೆ ಸರಿಯಲು ಅವನಿಗೆ ಜಾಗವಿಲ್ಲ. ನಾನು ಬಲಕ್ಕೆ, ಬಯಲಿನ ಕಡೆಗೆ ಸರಿದೆ. ಹತ್ತಿರದಿಂದ ಹಾದು ಹೋಗುವಾಗ ಅವನು ನಗುತ್ತಿರುವುದು ಕಂಡಿತು. ಐವತ್ತು ನಿಮಿಷ ಹೀಗೆಯೇ ಕಳೆಯಿತು.

ಸೂರ್ಯ ದಿಗಂತಕ್ಕೆ ಇಳಿದ ಹಾಗೆ ಗಾಳಿ ಸೋತಿತು. ಗೆಳೆಯ ಮೊದಲು ಇಳಿಯಲು ಹೋದ. ನಾನು ಮೇಲಿನಿಂದ ಕೆರೆ ನೋಡಿ, ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು ಅಂತ ದಾರಿ ಲೆಕ್ಕ ಹಾಕಿಕೊಂಡಿದ್ದೆ. ರೇಡಿಯೋದಲ್ಲಿ ಅವನ ದನಿ ಬಂತು. "ಗಾಳಿ ತಿರುಗಿದೆ. ಗುಡ್ಡದ ಕಡೆ ಮುಖ ಮಾಡಿ ಇಳಿ. ಗುಡ್ಡದ ಕಡೆ."

ಕೆರೆಯನ್ನು ಮತ್ತೆ ನೋಡಿದೆ. ನುಣುಪು ಈಗ ಪೂರ್ವದ ದಡದಲ್ಲಿತ್ತು. ನಾನು ಕೆರೆ ನೋಡಿದ್ದು ಹದಿನೈದು ನಿಮಿಷದ ಹಿಂದೆ. ಇನ್ನೂ ಎತ್ತರ ಇತ್ತು. ಬಯಲನ್ನು ದಾಟಿ ಆಚೆ ಹೋಗಿ, ತಂತಿಯಿಂದ ದೂರವಾಗಿ ತಿರುಗಿ, ಗುಡ್ಡಕ್ಕೆ ಮುಖ ಮಾಡಿ ಬಂದೆ. ನೆಲ ಹತ್ತಿರವಾದಂತೆ ಗಾಳಿ ಕಡಿಮೆಯಾಗುತ್ತದೆ. ರೆಕ್ಕೆಯ ಹಿಂದಿನ ಅಂಚನ್ನು ಕೆಳಕ್ಕೆ ಎಳೆಯುವ ದಾರಗಳೇ ನಮ್ಮ ಬ್ರೇಕ್, ಎರಡು ಕೈಗೂ ಒಂದೊಂದು. ಬೇಗ ಬ್ರೇಕ್ ಎಳೆದರೆ ರೆಕ್ಕೆ ಮಧ್ಯದಲ್ಲೇ ಸೋಲುತ್ತದೆ. ಹಾಗಾಗಿ ಕೈ ಮೇಲೆಯೇ ಇಟ್ಟು, ವೇಗ ಉಳಿಸಿಕೊಂಡು, ಕಾಲಿನಿಂದ ಒಂದು ಆಳೆತ್ತರ ಇರುವಾಗ ಎರಡೂ ಬ್ರೇಕ್ ಪೂರ್ತಿ ಎಳೆದೆ. ಎರಡು ಹೆಜ್ಜೆ ಓಡಿ ನಿಂತೆ.

ಗೆಳೆಯ ಬಯಲಿನ ಅಂಚಿನಲ್ಲಿ, ಕೊರಕಲಿನ ಬಾಯಿಯ ಹತ್ತಿರ ನಿಂತಿದ್ದ. ಬಾ ಅಂತ ಕೈ ಮಾಡಿದ. ರೆಕ್ಕೆಯನ್ನು ಮುದ್ದೆ ಮಾಡಿ ಹೆಗಲಿಗೆ ಹಾಕಿಕೊಂಡು ಹೋದೆ. ಅಲ್ಲಿ ಮೊಣಕಾಲಿನ ಕೆಳಗೆ ಮಾತ್ರ ತಣ್ಣಗಿನ ಗಾಳಿ ಹರಿಯುತ್ತಿತ್ತು. ಮುಖಕ್ಕೆ ಏನೂ ತಾಗುತ್ತಿರಲಿಲ್ಲ. ಮಧ್ಯಾಹ್ನದಿಂದ ನೆರಳಿನಲ್ಲಿದ್ದ ಕೊರಕಲಿನ ಕಲ್ಲುಗಳ ಮೇಲೆ ತಣಿದು, ಭಾರವಾಗಿ, ನೀರಿನ ಹಾಗೆ ಇಳಿದು ಬಯಲಿಗೆ ಬರುತ್ತಿದ್ದ ಗಾಳಿ ಅದು.

"ಇದು ಇಲ್ಲಿಗೆ ಬರುವ ಮುಂಚೆ ಎಲ್ಲಿತ್ತು, ಹೇಳು," ಅಂದ.

ನಾನು ಬಗ್ಗಿ ಕೈ ಅಡ್ಡ ಹಿಡಿದೆ. ಬೆರಳುಗಳಿಗೆ ತಣ್ಣಗೆ ತಾಗಿತು.